ಮಕ್ಕಳ ಲೋಕದ ಪಂಜೆಯವರು

ಕನ್ನಡದ ಮಕ್ಕಳಿಗೆ ತಮ್ಮದೇ ಆದ ಸಾಹಿತ್ಯವನ್ನಿತ್ತ ಪಂಜೆ ಮಂಗೇಶರಾಯರನ್ನು ನಾವು ಗೌರವದಿಂದ ಸ್ಮರಿಸುತ್ತೇವೆ.

1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದ ರಾಯರ ಮನೆಮಾತು ಕೊಂಕಣಿ. ನೆರೆಹೊರೆಯ ಮಾತು ತುಳು. ಕನ್ನಡವನ್ನು ಅವರು ಒಲಿದು ತಮ್ಮದಾಗಿಸಿಕೊಂಡರು. ಬಡತನದಲ್ಲಿ ಓದಿ ಮಂಗಳೂರಿನಲ್ಲಿ ಅಧ್ಯಾಪಕರಾದರು. ಬಳಿಕ ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ನಮ್ಮ ವಯನಾಡಿಗೆ ತಾಗಿದ ಕೊಡಗಿನಲ್ಲಿ, ಮಡಿಕೇರಿಯ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದರು. ‘ಹುತ್ತರಿ ಹಾಡು’ ಆ ನಾಡಿಗೆ ಅವರಿತ್ತ ಕಾಣಿಕೆ.

ಅವರ ಬರಹದ ಪ್ರಾಣಿಗಳು ನೀತಿ ಬೋಧಿಸಲೆಂದು ಬಂದವಲ್ಲ; ಮಗುವಿನ ಕಲ್ಪನೆಯ ಒಡನಾಡಿಗಳು. ‘ಇಲಿಗಳ ಥಕಥೈ’ ಎಂಬ ಹೆಸರು ಕೇಳಿದೊಡನೆ ಮಕ್ಕಳ ಕಣ್ಣಮುಂದೆ ಇಲಿಗಳು ಕುಣಿಯತೊಡಗುತ್ತವೆ. ‘ಹಾವಿನ ಹಾಡಿ’ನ ಮಗು ನಾಗರಹಾವಿನ ಚೆಲುವಿಗೆ ಮಾರುಹೋಗಿ ಕೈಮುಗಿಯುತ್ತದೆ, ಹಾಲೆರೆಯಲು ಮುಂದಾಗುತ್ತದೆ, ಹಾಗೆಯೇ ದೂರ ಸರಿಯೆಂದೂ ಬೇಡುತ್ತದೆ. ಕೋಲು ಹಿಡಿಯುವುದಿಲ್ಲ.

ಬೆಳೆದ ಗದ್ದೆಗೆ ಆನೆ ನುಗ್ಗುವ, ಹಟ್ಟಿಯ ದನವನ್ನು ಹುಲಿ ಹಿಡಿಯುವ ವಯನಾಡಿನಲ್ಲಿ ಮಕ್ಕಳಿಗೆ ಪ್ರಾಣಿಪ್ರೀತಿಯನ್ನು ಕಲಿಸುವುದು ಸುಲಭವಲ್ಲ. ಭಯವಿಲ್ಲವೆಂದು ನಟಿಸಿದರೆ ಅದು ಸುಳ್ಳು; ಭಯವನ್ನಷ್ಟೇ ಕಲಿಸಿದರೆ ಅದು ದ್ವೇಷವಾದೀತು. ಭಯದ ಪಕ್ಕದಲ್ಲಿಯೇ ಬೆರಗನ್ನೂ ಉಳಿಸಿಕೊಳ್ಳುವ ದಾರಿಯನ್ನು ರಾಯರ ಪುಟ್ಟ ಪದ್ಯ ತೋರಿದೆ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ರಾಯರು 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಮಾತನ್ನಾಡುತ್ತ ಬೆಳೆಯುವ ನಮ್ಮ ಮಕ್ಕಳು ಅವರ ಪದ್ಯಗಳನ್ನು ಬಾಯಿತುಂಬ ಹಾಡಲಿ. ನಾವು ಅವರಿಗೆ ಸಲ್ಲಿಸಬಹುದಾದ ಗೌರವ ಅದೇ.