ದೂರವನ್ನು ಕಂಡ ಕಣ್ಣು

ಭಾನುವಾರದ ನಸುಕಿನಲ್ಲಿ ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ನಂದಿಬೆಟ್ಟವನ್ನೇರುವ ನನ್ನ ವಿದ್ಯಾರ್ಥಿಗಳು, ತಾವು ತೆಗೆದ ಚಲಚ್ಚಿತ್ರಗಳನ್ನು ಮರುದಿನ ನನಗೆ ತೋರಿಸುವುದುಂಟು. ಆಗೆಲ್ಲ ನನಗೆ ಕ್ಯಾಪ್ಟನ್ ಜಾನ್ ನೋಯೆಲ್ ಅವರ ನೆನಪಾಗುತ್ತದೆ.

1890ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ನೋಯೆಲ್ ವೃತ್ತಿಯಿಂದ ಸೈನಿಕರು. ಚಿತ್ರಗ್ರಹಣವು ಅವರು ಒಲಿದು ಕಲಿತ ವಿದ್ಯೆ. ಭಾರತದಲ್ಲಿ ಸೇವೆಯಲ್ಲಿದ್ದಾಗಲೇ ಹಿಮಾಲಯವು ಅವರನ್ನು ಸೆಳೆಯಿತು. 1913ರಲ್ಲಿ, ಪರದೇಶೀಯರಿಗೆ ನಿಷಿದ್ಧವಾಗಿದ್ದ ಟಿಬೆಟ್ಟನ್ನು ಮಾರುವೇಷದಲ್ಲಿ ಹೊಕ್ಕು, ಎವರೆಸ್ಟಿಗೆ ಸುಮಾರು 40 ಮೈಲಿ ದೂರದವರೆಗೆ ನಡೆದು ಹಿಂದಿರುಗಿದರು.

1922ರ ಆರೋಹಣ ತಂಡಕ್ಕೆ ಅವರೇ ಚಿತ್ರಗ್ರಾಹಕರಾದರು. ಗುಡಾರವೇ ಕತ್ತಲಕೋಣೆ, ಯಾಕ್ ಸಗಣಿಯ ಬೆಂಕಿಯಲ್ಲಿ ಫಿಲ್ಮನ್ನು ಒಣಗಿಸಬೇಕಾಗಿತ್ತು. ಆ ವರ್ಷ ಜೂನ್ 7ರಂದು ಹಿಮಪ್ರಪಾತಕ್ಕೆ ಸಿಕ್ಕಿ 7 ಮಂದಿ ಹೊರೆಯಾಳುಗಳು ಮಡಿದರು.

1924ರ ಯಾತ್ರೆಯ ಚಿತ್ರದ ಹಕ್ಕಿಗಾಗಿ ನೋಯೆಲ್ 8,000 ಪೌಂಡುಗಳನ್ನು ತೆತ್ತರು. ಜೂನ್ 8ರಂದು ಮ್ಯಾಲರಿ ಮತ್ತು ಅರ್ವಿನ್ ಶಿಖರದತ್ತ ಹೊರಟು ಮತ್ತೆ ಬರಲಿಲ್ಲ. ದೂರದರ್ಶಕ ಮಸೂರವನ್ನು ಹೂಡಿ ಕಾದಿದ್ದ ನೋಯೆಲ್ ಅವರಿಗೆ ಕಂಡದ್ದು ಗೆಳೆಯರಲ್ಲ; ಮೇಲಿನ ಹಿಮದಲ್ಲಿ ಶಿಲುಬೆಯಾಕಾರವಾಗಿ ಹಾಸಿದ ಕಂಬಳಿಗಳು. ಆಸೆಯಿಲ್ಲವೆಂಬ ಸಂಕೇತವದು. ಒಂದು ಮೈಲಿಗೂ ಮಿಗಿಲಾದ ದೂರದಿಂದ ಆ ಮರಣವಾರ್ತೆಯನ್ನು ಅವರ ಯಂತ್ರವು ದಾಖಲಿಸಿತು. ಮ್ಯಾಲರಿಯ ದೇಹವು 1999ರಲ್ಲಿ ದೊರೆಯಿತು. ಅವರು ಒಯ್ದಿದ್ದರೆಂದು ನಂಬಲಾದ ಕ್ಯಾಮೆರಾ ಅದರೊಂದಿಗಿರಲಿಲ್ಲ. ಆ ಯಾತ್ರೆಯನ್ನು ಕಣ್ಣಿಗೆ ತಂದು ನಿಲ್ಲಿಸುವುದು ನೋಯೆಲ್ ಅವರ ಚಿತ್ರವೇ.

ಆದರೆ ಅಷ್ಟು ದೂರವನ್ನು ಕಂಡ ಆ ಕಣ್ಣು ಹತ್ತಿರದ್ದನ್ನು ಕಾಣದೆ ಹೋಯಿತು. 1924ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ತೆರೆಕಂಡ ಚಿತ್ರಕ್ಕೆ ಮುನ್ನ, ಟಿಬೆಟ್ಟಿನಿಂದ ಕರೆತಂದ ಲಾಮಾಗಳನ್ನು ರಂಗದ ಮೇಲೆ ಕುಣಿಸಿದರು. ಪವಿತ್ರವಾದ ನೃತ್ಯವು ಮನರಂಜನೆಯಾಯಿತು. ಚಿತ್ರದಲ್ಲಿದ್ದ ಹೇನು ಹೆಕ್ಕುವ ದೃಶ್ಯವೂ ಟಿಬೆಟ್ಟಿಗರನ್ನು ನೋಯಿಸಿತು. ಲಾಸಾ ಸರ್ಕಾರವು ಮುನಿಯಿತು. 1933ರವರೆಗೆ ಮತ್ತೊಂದು ಆಂಗ್ಲ ತಂಡವು ಎವರೆಸ್ಟಿನತ್ತ ಹೋಗಲಾಗಲಿಲ್ಲ. ಪರ್ವತವನ್ನು ಅಷ್ಟು ಪ್ರೀತಿಸಿದವರಿಂದಲೇ ಅದರ ಬಾಗಿಲು ಮುಚ್ಚಿತು.

1989ರಲ್ಲಿ, 99ನೆಯ ವಯಸ್ಸಿನಲ್ಲಿ ನೋಯೆಲ್ ತೀರಿಕೊಂಡರು. ಅವರ ಚಿತ್ರವು 2013ರಲ್ಲಿ ಪುನರುದ್ಧಾರಗೊಂಡು ಮತ್ತೆ ತೆರೆಗೆ ಬಂದಿತು. ಅವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಅವರ ತಪ್ಪನ್ನೂ ಮರೆಯಲಾರೆ. ಮೊನ್ನೆ ಒಬ್ಬ ವಿದ್ಯಾರ್ಥಿ ನಂದಿಯ ಸೂರ್ಯೋದಯವನ್ನು ತೋರಿಸಿದ. ಸೊಗಸಾಗಿತ್ತು. ಚಿತ್ರದ ಅಂಚಿನಲ್ಲಿ ಮೆಟ್ಟಿಲು ಗುಡಿಸುತ್ತಿದ್ದ ಮುದುಕಿಯೊಬ್ಬಳಿದ್ದಳು. ಅವಳ ಹೆಸರೇನೆಂದು ಕೇಳಿದೆ. ಅವನು ಕೇಳಿರಲಿಲ್ಲ. ಮುಂದಿನ ಭಾನುವಾರ ಕೇಳಿ ಬರುವೆನೆಂದ.