ಭಿಕ್ಷು ಇತ್ಸಿಂಗ್

ಪ್ರಾಚೀನ ಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಚೀನೀ ಯಾತ್ರಿಕರು ಯಾರೆಂದು ಕೇಳಿದರೆ ಪ್ರೌಢಶಾಲೆಯ ಹುಡುಗನೂ ಫಾಹಿಯಾನ್, ಹ್ಯುಯೆನ್‌ತ್ಸಾಂಗ್ ಎಂಬ ಎರಡು ಹೆಸರುಗಳನ್ನು ಥಟ್ಟನೆ ಹೇಳಿಬಿಡುತ್ತಾನೆ. ಮೂರನೆಯ ಹೆಸರಿಗೆ ಸ್ವಲ್ಪ ತಡವರಿಸಿ ಇತ್ಸಿಂಗ್ ಎನ್ನುತ್ತಾನೆ; ಅಲ್ಲಿಗೆ ಅವನ ಮಾತು ಮುಗಿಯುತ್ತದೆ. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ಪಠ್ಯಪುಸ್ತಕಗಳೇ ಈ ಮೂರನೆಯವನಿಗೆ ಎರಡು ಸಾಲಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಹ್ಯುಯೆನ್‌ತ್ಸಾಂಗನು ಹರ್ಷನ ಆದರವನ್ನು ಪಡೆದನು, ಪುಲಕೇಶಿಯ ನಾಡನ್ನೂ ಜನರನ್ನೂ ವರ್ಣಿಸಿದನು. ಆದ್ದರಿಂದ ಚರಿತ್ರಕಾರನಿಗೆ ಅವನು ಬೇಕು. ಇತ್ಸಿಂಗನಾದರೋ ವರ್ಣಿಸಿದ್ದು ಭಿಕ್ಷುಗಳು ಹಲ್ಲುಜ್ಜುವ ಕ್ರಮವನ್ನು, ನೀರು ಸೋಸುವ ಬಟ್ಟೆಯನ್ನು, ಊಟಕ್ಕೆ ಕೂಡುವ ಮಣೆಯ ಎತ್ತರವನ್ನು. ಇಂಥವನಿಗೆ ಯಾವ ಚರಿತ್ರಕಾರ ಮಣೆ ಹಾಕುತ್ತಾನೆ?

ಆದರೆ ಈ ಸಣ್ಣ ಸಂಗತಿಗಳಿಗಾಗಿ ಆ ಮನುಷ್ಯನು ತನ್ನ ಆಯುಷ್ಯದ ಇಪ್ಪತ್ತೈದು ವರ್ಷಗಳನ್ನು ಪರದೇಶದಲ್ಲಿ ಸವೆಸಿದನು. ಅದೇಕೆಂದು ತಿಳಿಯಬೇಕಾದರೆ ಅವನ ಕಾಲದ ಚೀನೀ ಮಠಗಳಲ್ಲಿ ಬಳಕೆಯಲ್ಲಿದ್ದ ಕೆಲವು ಶಬ್ದಗಳ ಕಡೆಗೆ ಮೊದಲು ಕಣ್ಣು ಹಾಯಿಸಬೇಕು.

ಬೌದ್ಧಧರ್ಮವು ಚೀನಕ್ಕೆ ಹೋದದ್ದು ಕ್ರಿಸ್ತಶಕದ ಆರಂಭದ ಹೊತ್ತಿಗೆ. ಹೆಚ್ಚಾಗಿ ಮಧ್ಯ ಏಷ್ಯದ ವರ್ತಕರ ಮತ್ತು ಭಿಕ್ಷುಗಳ ಮೂಲಕ. ಚೀನೀ ಲಿಪಿಯಲ್ಲಿ ನಮ್ಮಂತೆ ವರ್ಣಮಾಲೆಯಿಲ್ಲ. ಒಂದೊಂದು ಚಿಹ್ನೆಗೆ ಒಂದು ಉಚ್ಚಾರ, ಅದರ ಜೊತೆಗೆ ಅದರದೇ ಒಂದು ಅರ್ಥ. ಪರಭಾಷೆಯ ಶಬ್ದವನ್ನು ಈ ಚಿಹ್ನೆಗಳಲ್ಲಿ ಕೂಡಿಸುವುದೆಂದರೆ ಉದ್ದನೆಯ ನಿಲುವಂಗಿಯನ್ನು ಮಡಿಸಿ ಮಡಿಸಿ ಸಣ್ಣ ಡಬ್ಬಿಯಲ್ಲಿ ತುರುಕಿದಂತೆ. ಶ್ರಮಣನು ಷಾಮೆನ್ ಆದನು. ಭಿಕ್ಷುವು ಬಿಚ್ಯು ಆದನು. ಭಿಕ್ಷುಣಿಗೆ ಬಾಲವಷ್ಟೇ ಉಳಿದು ನಿ ಎಂದಾಯಿತು. ಸ್ತೂಪವು ತಾ ಆಯಿತು, ಸಂಘವು ಸೆಂಗ್ ಆಯಿತು. ಕೆಲವಕ್ಕೆ ದೇಶೀಯ ಶಬ್ದವನ್ನೇ ಹಿಡಿದರು. ಸರಕಾರಿ ಕಚೇರಿಗಿದ್ದ ಹೆಸರು ವಿಹಾರಕ್ಕೆ ಬಂತು. ಸಂನ್ಯಾಸಕ್ಕೆ ಮನೆ ಬಿಟ್ಟು ಹೊರಡುವುದು ಎಂಬರ್ಥದ ಮಾತು ಬಂತು. ನಾಲ್ಕನೆಯ ಶತಮಾನದಲ್ಲಿದ್ದ ದಾವ್‌ಆನ್ ಎಂಬ ಆಚಾರ್ಯನು (312–385) ಭಿಕ್ಷುಗಳೆಲ್ಲರೂ ತಮ್ಮ ಮನೆತನದ ಹೆಸರನ್ನು ತೊರೆದು ಶಾಕ್ಯ ಶಬ್ದದ ಮೊದಲ ಚಿಹ್ನೆಯಾದ ಷಿ ಎಂಬುದನ್ನೇ ಕುಲನಾಮವಾಗಿ ಧರಿಸಬೇಕೆಂದು ಕಟ್ಟುಮಾಡಿದನು. ಆ ಪದ್ಧತಿ ನಿಂತಿತು. ಇನ್ನು ದೀಕ್ಷೆ ಕೊಟ್ಟ ಗುರುವಿಗೆ ಹೆಷಾಂಗ್ ಎಂದು ಹೆಸರು. ಆ ಎರಡು ಚಿಹ್ನೆಗಳಿಗೆ ಸಾಮರಸ್ಯ, ಗೌರವ ಎಂಬ ಅರ್ಥಗಳಿದ್ದುದರಿಂದ ಅದೊಂದು ಅಚ್ಚ ಚೀನೀ ಶಬ್ದವೆಂದೇ ಎಷ್ಟೋ ಜನ ತಿಳಿದಿದ್ದರೆ ಆಶ್ಚರ್ಯವೇನು?

ಇತ್ಸಿಂಗನು ಹುಟ್ಟಿದ್ದು ಕ್ರಿ.ಶ. 635ರಲ್ಲಿ, ಟಾಂಗ್ ಚಕ್ರವರ್ತಿಗಳ ಆಳ್ವಿಕೆಯಲ್ಲಿ. ಮನೆತನದ ಹೆಸರು ಝಾಂಗ್. ಈಗಿನ ಚೀನೀ ಉಚ್ಚಾರಣೆಯಲ್ಲಿ ಅವನ ಹೆಸರು ಯಿಜಿಂಗ್; ನಮ್ಮ ಪುಸ್ತಕಗಳಲ್ಲಿ ನೆಲೆನಿಂತಿರುವ ಇತ್ಸಿಂಗ್ ಎಂಬುದನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಏಳನೆಯ ವಯಸ್ಸಿನಲ್ಲೇ ಅವನನ್ನು ಶಾಂಡೊಂಗ್ ಪ್ರಾಂತದ ಒಂದು ವಿಹಾರಕ್ಕೆ ಒಪ್ಪಿಸಿದರು. ಅಲ್ಲಿ ಅವನಿಗೆ ಇಬ್ಬರು ಗುರುಗಳು. ಹಿರಿಯನಾದ ಷಾನ್‌ಯು ದೊಡ್ಡ ವಿದ್ವಾಂಸ. ಚರಿತ್ರೆ, ಕಾವ್ಯ, ಲಿಪಿಕಲೆ ಎಲ್ಲದರಲ್ಲೂ ಕೈ ಪಳಗಿದವನು. ಸಾಯುವ ಮೊದಲು ಅವನು ತನ್ನ ಪ್ರೀತಿಯ ಲೌಕಿಕ ಗ್ರಂಥಗಳನ್ನೂ ತಾನು ಬರೆದವನ್ನೂ ಹರಿದು ನೆನೆಹಾಕಿ, ಆ ಮುದ್ದೆಯನ್ನು ವಿಹಾರದಲ್ಲಿ ತಯಾರಾಗುತ್ತಿದ್ದ ದ್ವಾರಪಾಲಕರ ಮೂರ್ತಿಗಳಿಗೆ ಬಳಸಿಬಿಟ್ಟನು. ಬೇರೆ ಕಾಗದ ತರುವೆವೆಂದು ಶಿಷ್ಯರು ಬೇಡಿಕೊಂಡರೂ ಕೇಳಲಿಲ್ಲ. ಆಗ ಇತ್ಸಿಂಗನಿಗೆ ಹನ್ನೆರಡು ವರ್ಷ. ಪುಸ್ತಕಪ್ರಿಯರಾದ ನಮಗೆ ಈ ಕಥೆ ಅಷ್ಟು ಹಿತವಾಗಿ ತೋರಲಾರದು. ಹುಡುಗನ ಮನಸ್ಸಿನಲ್ಲಿ ಮಾತ್ರ ಅದು ಅಳಿಯದೆ ಉಳಿಯಿತು. ಎರಡನೆಯ ಗುರು ಹುಯಿಷಿಯಿಂದ ಅವನು ಇಪ್ಪತ್ತರ ಸುಮಾರಿಗೆ ಪೂರ್ಣ ದೀಕ್ಷೆ ಪಡೆದನು. ಆಮೇಲೆ ಐದು ವರ್ಷ ಅವನು ಕೈಹಾಕಿದ್ದು ವಿನಯಪಿಟಕಕ್ಕೆ, ಎಂದರೆ ಭಿಕ್ಷುಗಳ ನಡೆನುಡಿಯ ನಿಯಮಗಳಿಗೆ.

ಅವನ ಸಂಕಟ ಶುರುವಾದದ್ದು ಇಲ್ಲಿಯೇ. ನಿಯಮಗಳನ್ನು ಓದಿದಷ್ಟೂ ಅನುಮಾನಗಳು ಹೆಚ್ಚಿದವು. ಬುದ್ಧನು ವಿಧಿಸಿದ್ದು ಇದೆಯೇ, ಅಥವಾ ಅನುವಾದಕನು ಹೀಗೆ ತಿಳಿದನೇ? ಚೀನೀ ಭಿಕ್ಷುಗಳು ಮಾಡುತ್ತಿದ್ದ ಅನೇಕ ಕೆಲಸಗಳಿಗೆ ಒಂದು ಶಬ್ದವೇ ಆಧಾರ. ಆ ಶಬ್ದವೇ ತಪ್ಪಾಗಿದ್ದರೆ ಆಚಾರದ ಗತಿಯೇನು? ಇದನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ಅವನು ನಿಶ್ಚಯಿಸಿದನು.

ಷಾನ್‌ಯುವಿನ ಸಮಾಧಿಗೆ ನಮಿಸಿ, ಹುಯಿಷಿಯ ಅಪ್ಪಣೆ ಪಡೆದು, 671ರಲ್ಲಿ ಅವನು ದಕ್ಷಿಣದ ರೇವುಪಟ್ಟಣವಾದ ಗ್ವಾಂಗ್‌ಝೌ ಸೇರಿದನು. ಜೊತೆಗೆ ಬರುತ್ತೇವೆಂದ ಗೆಳೆಯರು ಒಬ್ಬೊಬ್ಬರಾಗಿ ಹಿಂದೆ ಸರಿದಿದ್ದರು. ಹಡಗು ಪಾರಸಿಕರದು. ಇಪ್ಪತ್ತು ದಿನ ತುಂಬುವ ಮೊದಲೇ ಅದು ಸುಮಾತ್ರದ ಶ್ರೀವಿಜಯಕ್ಕೆ ಮುಟ್ಟಿತು. ಅಲ್ಲಿ ಆರು ತಿಂಗಳು ಸಂಸ್ಕೃತ ವ್ಯಾಕರಣದ ಅಭ್ಯಾಸ. ಸಂಗಡ ಬಂದಿದ್ದ ಒಬ್ಬನೇ ಶಿಷ್ಯನು ಕಾಯಿಲೆ ಬಿದ್ದು ಹಿಂದಿರುಗಿದನು. ಮುಂದಿನ ದಾರಿ ಒಂಟಿ. ಕೆಡಾ ರೇವನ್ನೂ ನಕ್ಕವಾರ ದ್ವೀಪಗಳನ್ನೂ ದಾಟಿ 673ರಲ್ಲಿ ಅವನು ವಂಗದೇಶದ ತಾಮ್ರಲಿಪ್ತಿಯಲ್ಲಿ ಕಾಲಿಟ್ಟನು. ನಮ್ಮ ಬಾದಾಮಿಯಲ್ಲಿ ಆಗ ಒಂದನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಆದರೆ ಇತ್ಸಿಂಗನು ದಕ್ಷಿಣಕ್ಕೆ ಬರಲಿಲ್ಲ.

ತಾಮ್ರಲಿಪ್ತಿಯಲ್ಲಿ ಹ್ಯುಯೆನ್‌ತ್ಸಾಂಗನ ಶಿಷ್ಯನೊಬ್ಬನು ಸಿಕ್ಕಿದನು. ಅವನ ಬಳಿ ಸುಮಾರು ಒಂದು ವರ್ಷ ನಿಂತು, ವರ್ತಕರ ಗುಂಪಿನೊಡನೆ ನಾಳಂದಕ್ಕೆ ಹೊರಟಾಗ ದಾರಿಯಲ್ಲಿ ಜ್ವರ ಬಂದು ಇತ್ಸಿಂಗನು ಹಿಂದೆ ಬಿದ್ದನು. ಕಳ್ಳರು ಅಡ್ಡಗಟ್ಟಿ ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿದರು. ಈ ಕಡೆಯವರು ಬಿಳಿಯ ಮೈಬಣ್ಣದವರನ್ನು ಹಿಡಿದು ಬಲಿಗೊಡುತ್ತಾರೆಂದು ಅವನು ಯಾರಿಂದಲೋ ಕೇಳಿದ್ದನು. ಭಯದಿಂದ ಕೆಸರಿಗಿಳಿದು ಮೈತುಂಬ ಬಳಿದುಕೊಂಡು, ಎಲೆ ಸುತ್ತಿಕೊಂಡು, ಕೋಲೂರುತ್ತ ಕತ್ತಲಲ್ಲಿ ಗುಂಪನ್ನು ಸೇರಿಕೊಂಡನು. ಶುದ್ಧಾಚಾರವನ್ನು ಕಲಿಯಲು ಬಂದ ಭಿಕ್ಷುವಿಗೆ ಭಾರತವು ಕೊಟ್ಟ ಮೊದಲ ಸ್ವಾಗತ ಇದು! ಬುದ್ಧಗಯೆಯಲ್ಲಿ ತನ್ನ ಊರಿನವರು ಕೊಟ್ಟು ಕಳುಹಿಸಿದ್ದ ರೇಷ್ಮೆಯಿಂದ ಚೀವರವನ್ನು ಹೊಲಿಸಿ ಬುದ್ಧಮೂರ್ತಿಗೆ ತೊಡಿಸಿದನು.

ನಾಳಂದದಲ್ಲಿ ಅವನು ಹತ್ತು ವರ್ಷ ಇದ್ದನು. ಎಂಟು ಸಭಾಮಂದಿರಗಳು, ಮುನ್ನೂರು ಕೋಣೆಗಳು, ಮೂರು ಸಾವಿರಕ್ಕೆ ಮೀರಿದ ಭಿಕ್ಷುಗಳು, ಅವರ ನಿರ್ವಾಹಕ್ಕೆ ಇನ್ನೂರಕ್ಕೂ ಹೆಚ್ಚು ದತ್ತಿ ಗ್ರಾಮಗಳು. ಬೆಳಗ್ಗೆ ಗಂಟೆಯಾದೊಡನೆ ನೂರಾರು ಜನ ಕೊಳಗಳಿಗೆ ಸ್ನಾನಕ್ಕೆ ಹೊರಡುತ್ತಿದ್ದರು. ಇತ್ಸಿಂಗನು ಇದೆಲ್ಲವನ್ನೂ ಒಬ್ಬ ಲೆಕ್ಕಿಗನಂತೆ ಗುರುತು ಹಾಕಿಕೊಂಡನು. ಚೀನದಲ್ಲಿ ಭಿಕ್ಷುಗಳು ಬೆಳಗ್ಗೆ ಹಲ್ಲುಜ್ಜಲು ಯಾಂಗ್‌ಝಿ, ಅಂದರೆ ವಿಲೋ ಮರದ ಕಡ್ಡಿ ಹಿಡಿಯುತ್ತಿದ್ದರು. ವಿನಯದಲ್ಲಿ ಹೇಳಿರುವುದು ಬರಿಯ ದಂತಕಾಷ್ಠ. ಭಾರತದಲ್ಲಿ ವಿಲೋ ಮರವೇ ಅಪರೂಪ, ನಾಳಂದದಲ್ಲಿ ಬುದ್ಧನ ದಂತಕಾಷ್ಠದಿಂದ ಬೆಳೆದುದೆಂದು ತೋರಿಸುತ್ತಿದ್ದ ಮರವೂ ಆ ಜಾತಿಯದಲ್ಲ ಎಂದು ಅವನು ಬರೆದನು. ಯಾವನೋ ಅನುವಾದಕನು ತನಗೆ ಗೊತ್ತಿದ್ದ ಮರದ ಹೆಸರನ್ನು ಬರೆದುಬಿಟ್ಟಿದ್ದನು. ಒಂದು ಇಡೀ ದೇಶದ ಭಿಕ್ಷುಗಳು ಅದೇ ಮರವನ್ನು ಹುಡುಕಿಕೊಂಡು ಹೋಗುತ್ತಿದ್ದರು.

ವೇಯ್ನಾ ಎಂಬ ಅಧಿಕಾರಿಯ ವಿಷಯ ಇನ್ನೂ ಸೊಗಸಾಗಿದೆ. ವಿಹಾರದ ದಿನಚರಿಯನ್ನು ನೋಡಿಕೊಂಡು ಗಂಟೆ ಹೊಡೆಸುವವನಿಗೆ ಸಂಸ್ಕೃತದಲ್ಲಿ ಕರ್ಮದಾನನೆಂದು ಹೆಸರು. ಚೀನದವರು ಕ್ರಮವಿಡುವವನೆಂಬ ಅರ್ಥದ ತಮ್ಮ ವೇಯ್ ಶಬ್ದವನ್ನು ಮುಂದಿಟ್ಟು, ಕರ್ಮದಾನದ ಕೊನೆಯ ನ ಒಂದನ್ನು ಹಿಂದೆ ಅಂಟಿಸಿದ್ದರು. ಅರ್ಧ ಚೀನ, ಅರ್ಧ ಭಾರತ. ನಮ್ಮ ಕಾಲೇಜುಗಳ ಮಾತಿನಲ್ಲಿ ಇಂಥ ಸಮಾಸಗಳಿಗೆ ಕೊರತೆಯಿಲ್ಲವಾದ್ದರಿಂದ ನಾವು ನಗುವ ಹಾಗಿಲ್ಲ.

ಸೆಂಗ್ ಶಬ್ದದ ಮೇಲಂತೂ ಅವನಿಗೆ ನಿಜವಾದ ಕೋಪ. ಚೀನದಲ್ಲಿ ಒಬ್ಬೊಬ್ಬ ಭಿಕ್ಷುವೂ ಕಾಗದಪತ್ರಗಳಲ್ಲಿ ತನ್ನ ಹೆಸರಿಗೆ ಸೆಂಗ್ ಎಂದು ಸೇರಿಸಿ ಬರೆಯುತ್ತಿದ್ದನು. ಸಂಘವೆಂದರೆ ಸಮೂಹ, ಕಡಿಮೆಯೆಂದರೆ ನಾಲ್ವರಾದರೂ ಕೂಡಿದಾಗ ಆ ಹೆಸರು. ಒಬ್ಬನೇ ವ್ಯಕ್ತಿ ತನ್ನನ್ನು ನಾಲ್ವರೆಂದು ಕರೆದುಕೊಳ್ಳುವುದು ಎಲ್ಲಿಯ ನ್ಯಾಯ ಎಂಬುದು ಅವನ ಆಕ್ಷೇಪ. ಇದು ಕೇವಲ ವ್ಯಾಕರಣದ ಜಗಳವಲ್ಲ. ನಾಳಂದದಲ್ಲಿ ಒಬ್ಬನು ತನ್ನಷ್ಟಕ್ಕೆ ನಿರ್ಧಾರ ಮಾಡುವಂತಿರಲಿಲ್ಲ. ಸಣ್ಣ ವಿಷಯವೂ ಸಭೆಯ ಮುಂದೆ ಬರಬೇಕಾಗಿತ್ತು. ಶಬ್ದದಲ್ಲಿ ಸಮೂಹವು ಕರಗಿಹೋದರೆ ಆಚಾರದಲ್ಲಿಯೂ ಕರಗುತ್ತದೆಂದು ಅವನು ಅಂಜಿದನು.

ಕೊನೆಗೆ ಹೆಷಾಂಗ್. ಇದು ಚೀನೀ ಶಬ್ದವೇ ಅಲ್ಲ, ಉಪಾಧ್ಯಾಯ ಶಬ್ದದ ವಿಕಾರವೆಂದು ಅವನು ಬಿಡಿಸಿ ತೋರಿಸಿದನು. ಭಾರತದ ಜನರು ವಿದ್ವಾಂಸನನ್ನು ಆಡುಮಾತಿನಲ್ಲಿ ಊಜ್ಯ ಎಂದು ಹೋಲುವ ಶಬ್ದದಿಂದ ಕರೆಯುತ್ತಾರೆ, ಉತ್ತರದ ಸೀಮೆಗಳಲ್ಲಿ ಅದು ಇನ್ನಷ್ಟು ತಿರುಚಿದೆ, ಹಿಂದಿನ ಅನುವಾದಕರು ಆ ತಿರುಚಿದ ಧ್ವನಿಯನ್ನೇ ಹಿಡಿದರು ಎಂಬುದು ಅವನ ವಿವರಣೆ. ಇಲ್ಲಿ ಕನ್ನಡಿಗನು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಇತ್ಸಿಂಗನ ಕಿವಿಗೆ ಬಿದ್ದ ಆ ಊಜ್ಯ ಎಂಬುದು ಉತ್ತರ ದೇಶದ ಓಝಾ. ಉಪಾಧ್ಯಾಯವು ಪ್ರಾಕೃತದಲ್ಲಿ ಉವಜ್ಝಾಯವಾಗಿ ಸವೆದು ಬಂದ ರೂಪ. ಅದೇ ದಾರಿಯಲ್ಲಿ ಬಂದದ್ದು ನಮ್ಮ ಹಳಗನ್ನಡದ ಓಜ. ಬೇಲೂರಿನಲ್ಲಿ ಶಿಲ್ಪಗಳನ್ನು ಕಡೆದ ಬಳ್ಳಿಗಾವೆಯ ದಾಸೋಜನ ಹೆಸರಿನ ತುದಿಯಲ್ಲಿರುವುದೂ ಈ ಓಜನೇ. ಹಾಗಾದರೆ ಚೀನೀ ಮಠದ ಹೆಷಾಂಗನೂ ನಮ್ಮ ದಾಸೋಜನೂ ಒಂದೇ ಮನೆಯ ಮಕ್ಕಳಾದರು! ಇತ್ಸಿಂಗನಿಗೆ ಇದು ಅಶುದ್ಧವೆಂದು ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಜನರ ನಾಲಗೆಯ ಮೇಲೆ ಓಡಾಡಿದ ಶಬ್ದ ಸವೆಯದೆ ಇರುತ್ತದೆಯೇ? ಈ ಒಂದು ವಿಷಯದಲ್ಲಿ ಅವನು ಪಂಡಿತನ ಹಟ ಹಿಡಿದನೆಂದೇ ಹೇಳಬೇಕು.

ಕಂಡದ್ದನ್ನು ಬರೆಯುವಾಗ ಅವನಷ್ಟು ನಂಬತಕ್ಕವರು ಅಪರೂಪ. ಕೇಳಿದ್ದನ್ನು ಬರೆಯುವಾಗ ಅಷ್ಟಿಲ್ಲ. ವೈಯಾಕರಣ ಭರ್ತೃಹರಿಯು ತೀರಿ ನಲವತ್ತು ವರ್ಷವಾಯಿತೆಂದು ಅವನು ಬರೆದುದನ್ನು ವಿದ್ವಾಂಸರು ಬಹುಕಾಲ ಒಪ್ಪಿದ್ದರು. ಅವನಿಗಿಂತ ಹಿಂದಿನ ದಿಙ್ನಾಗನೇ ಭರ್ತೃಹರಿಯನ್ನು ಬಲ್ಲನೆಂದು ಗೊತ್ತಾದ ಮೇಲೆ ಆ ಲೆಕ್ಕವನ್ನು ಕೈಬಿಡಬೇಕಾಯಿತು.

685ರ ಸುಮಾರಿಗೆ ಐದು ಲಕ್ಷ ಶ್ಲೋಕಪ್ರಮಾಣದ ಗ್ರಂಥಗಳನ್ನು ಕಟ್ಟಿಕೊಂಡು ಅವನು ಹಿಂದಿರುಗಿದನು. ದಾರಿಯಲ್ಲಿ ಮತ್ತೊಮ್ಮೆ ಕಳ್ಳರ ಕಾಟ. ಗ್ರಂಥಗಳು ಮಾತ್ರ ಉಳಿದವು. ಶ್ರೀವಿಜಯದಲ್ಲಿ ಸಾವಿರಕ್ಕೆ ಮೀರಿದ ಭಿಕ್ಷುಗಳಿದ್ದರು. ಅಲ್ಲಿಯೇ ಕುಳಿತು ಅನುವಾದಕ್ಕೆ ತೊಡಗಿದನು. ಆದರೆ ಕಾಗದ, ಮಸಿ, ನಕಲುಗಾರರು ಯಾವುದೂ ಆ ದ್ವೀಪದಲ್ಲಿ ಸಾಲದು. 689ರಲ್ಲಿ ಒಂದು ದಿನ ಇವನ್ನು ಬೇಡಿ ಚೀನಕ್ಕೆ ಕಾಗದ ಬರೆದು, ಅದನ್ನು ಕೊಡಲೆಂದು ಹಡಗು ಹತ್ತಿದನು. ಅಷ್ಟರಲ್ಲಿ ಅನುಕೂಲವಾದ ಗಾಳಿ ಎದ್ದಿತು. ವರ್ತಕರು ಹಾಯಿ ಏರಿಸಿಬಿಟ್ಟರು. ಇಳಿಯಲು ದಾರಿಯಿಲ್ಲ. ಹದಿನೆಂಟು ವರ್ಷಗಳ ಮೇಲೆ ಸ್ವದೇಶವನ್ನು ಕಂಡದ್ದು ಹೀಗೆ, ಬರಿಗೈಯಲ್ಲಿ, ತನ್ನ ಇಚ್ಛೆಗೆ ವಿರುದ್ಧವಾಗಿ. ಜೀವಮಾನದ ಸಂಪಾದನೆಯೆಲ್ಲ ಸಮುದ್ರದಾಚೆ. ಬೇರೆಯವನಾಗಿದ್ದರೆ ಗ್ವಾಂಗ್‌ಝೌವಿನಲ್ಲೇ ಉಳಿದುಬಿಡುತ್ತಿದ್ದನು. ಇತ್ಸಿಂಗನು ನಾಲ್ವರು ಸಹಾಯಕರನ್ನು ಕೂಡಿಸಿಕೊಂಡು ಅದೇ ವರ್ಷ ಮತ್ತೆ ಹಡಗೇರಿದನು.

ಭಾರತದ ಭಿಕ್ಷುಜೀವನವನ್ನು ನಲವತ್ತು ಅಧ್ಯಾಯಗಳಲ್ಲಿ ವಿವರಿಸುವ ಅವನ ಗ್ರಂಥವು ಸಿದ್ಧವಾದದ್ದು ಶ್ರೀವಿಜಯದಲ್ಲಿಯೇ. ತನ್ನ ಕಾಲದಲ್ಲಿ ಧರ್ಮವನ್ನು ಅರಸಿ ಭಾರತಕ್ಕೆ ಹೊರಟ ಐವತ್ತಾರು ಭಿಕ್ಷುಗಳ ಚರಿತ್ರೆಯನ್ನೂ ಅವನು ಬರೆದನು. ಆ ಭಿಕ್ಷುಗಳಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಮಡಿದವರು. ಇತ್ಸಿಂಗನು ಬರೆಯದಿದ್ದರೆ ಅವರಲ್ಲಿ ಹೆಚ್ಚಿನವರ ಹೆಸರೂ ಉಳಿಯುತ್ತಿರಲಿಲ್ಲ. 692ರಲ್ಲಿ ಇವೆರಡನ್ನೂ ಒಬ್ಬ ಭಿಕ್ಷುವಿನ ಕೈಯಲ್ಲಿ ಚೀನಕ್ಕೆ ಕಳುಹಿಸಿದನು. ಮೊದಲನೆಯದನ್ನು ಜಪಾನಿನ ತಕಾಕುಸು ಎಂಬ ಪಂಡಿತನು ಇಂಗ್ಲಿಷಿಗೆ ತಿರುಗಿಸಿ 1896ರಲ್ಲಿ ಪ್ರಕಟಿಸಿದ ಮೇಲೆಯೇ ಇತ್ಸಿಂಗನ ಹೆಸರು ನಮ್ಮಲ್ಲಿ ಹಬ್ಬಿತು.

695ರಲ್ಲಿ ಅವನು ಲೋಯಾಂಗ್ ನಗರವನ್ನು ಸೇರಿದಾಗ ಸಾಮ್ರಾಜ್ಞಿ ವೂ ತಾನೇ ಪೂರ್ವದ್ವಾರದ ಹೊರಗೆ ಬಂದು ಎದುರುಗೊಂಡಳು. ಮುಂದಿನದೆಲ್ಲ ಅನುವಾದದ ಬದುಕು. ಐವತ್ತಾರು ಗ್ರಂಥಗಳು, ಇನ್ನೂರ ಮೂವತ್ತು ಸುರುಳಿಗಳು; ಬಹುಭಾಗ ಮೂಲಸರ್ವಾಸ್ತಿವಾದಿಗಳ ವಿನಯ. ಆದರೆ ಚೀನದ ವಿಹಾರಗಳು ಅಷ್ಟರಲ್ಲಿ ಬೇರೊಂದು ಸಂಪ್ರದಾಯದ ವಿನಯಕ್ಕೆ ಒಗ್ಗಿಹೋಗಿದ್ದವು. ಇತ್ಸಿಂಗನ ಗ್ರಂಥಗಳನ್ನು ಗೌರವದಿಂದ ಭಂಡಾರದಲ್ಲಿಟ್ಟವು, ನಡೆಯಲ್ಲಿ ಹಳೆಯದನ್ನೇ ಮುಂದುವರಿಸಿದವು. ಅವನು ಮೆಚ್ಚಿದ ವಿನಯವು ನೆಲೆಯೂರಿದ್ದು ಟಿಬೆಟ್ಟಿನಲ್ಲಿ, ಬೇರೆಯವರು ಸಂಸ್ಕೃತದಿಂದ ಬೇರೆಯಾಗಿ ಮಾಡಿದ ಅನುವಾದದ ಮೂಲಕ.

713ರಲ್ಲಿ ಅವನು ಚಾಂಗ್‌ಆನ್ ನಗರದ ಜ್ಯೆನ್‌ಫು ವಿಹಾರದಲ್ಲಿ ತೀರಿಕೊಂಡನು. ಆ ವಿಹಾರದ ಇಟ್ಟಿಗೆಯ ಗೋಪುರವು ಈಗಿನ ಷಿಆನ್ ನಗರದಲ್ಲಿ ಇನ್ನೂ ನಿಂತಿದೆ. ಚೀನದವರು ಒಬ್ಬ ಭಿಕ್ಷುವನ್ನೂ ಸೆಂಗ್ ಎನ್ನುವುದನ್ನು ಬಿಡಲಿಲ್ಲ. ಗುರುವಿಗೆ ಹೆಷಾಂಗ್ ಎನ್ನುವುದನ್ನೂ ಬಿಡಲಿಲ್ಲ. ಆ ಶಬ್ದ ಜಪಾನಿಗೆ ಹೋಗಿ ಒಶೋ ಆಯಿತು. ಇತ್ಸಿಂಗನ ಅನುವಾದಗಳಲ್ಲಿ ಮಾತ್ರ ಉಪಾಧ್ಯಾಯ ಶಬ್ದವು ನಾಲ್ಕು ಚೀನೀ ಚಿಹ್ನೆಗಳಲ್ಲಿ, ಒಂದು ಅಕ್ಷರವೂ ಕಡಿಮೆಯಾಗದೆ, ಇಡಿಯಾಗಿ ಉಳಿದಿದೆ.