ಅಪರಾಧವೂ ಅನುಗ್ರಹವೂ: ಮಾನವಿಯ ಶ್ರೀಜಗನ್ನಾಥದಾಸಾರ್ಯರ ಚರಿತ್ರೆ

ಭಾದ್ರಪದ ಶುದ್ಧ ನವಮಿಯು ಮಾನವಿಯ ಶ್ರೀಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಅಂದು ಮನೆಗಳಲ್ಲಿಯೂ ಮಠಮಂದಿರಗಳಲ್ಲಿಯೂ ಹರಿಕಥಾಮೃತಸಾರದ ಪಾರಾಯಣವು ನಡೆಯುತ್ತದೆ. ಪಾರಾಯಣ ಮಾಡುವ ಆಸ್ತಿಕರ ಮನಸ್ಸಿನಲ್ಲಿ ಒಂದು ಸಂಶಯವು ಏಳುವುದು ಸಹಜ. ಸಕಲವನ್ನೂ ಶ್ರೀಹರಿಯೇ ಮಾಡಿಸುವನೆಂದು ಶಾಸ್ತ್ರವು ಸಾರುತ್ತದೆ. ಹಾಗಾದರೆ ಮನುಷ್ಯನು ಎಡವಿದಾಗ ತಪ್ಪು ಯಾರದು? ಮಾಡಿಸಿದವನದೋ, ಮಾಡಿದವನದೋ? ದಾಸಾರ್ಯರ ಚರಿತ್ರೆಯು ಈ ಪ್ರಶ್ನೆಗೆ ಒಂದು ಜೀವಂತ ಉತ್ತರವಾಗಿದೆ.

ಇಂದಿನ ರಾಯಚೂರು ಜಿಲ್ಲೆಯ ಮಾನವಿ ತಾಲ್ಲೂಕಿನ ಬ್ಯಾಗವಟ ಗ್ರಾಮದಲ್ಲಿ, 1728ನೆಯ ಇಸವಿಗೆ ಸರಿಯಾದ ಕೀಲಕ ಸಂವತ್ಸರದಲ್ಲಿ ಅವರ ಜನನವಾಯಿತು. ತಂದೆ ನರಸಿಂಹದಾಸರು, ತಾಯಿ ಲಕ್ಷ್ಮಕ್ಕ. ಬಾಲಕನ ಹೆಸರು ಶ್ರೀನಿವಾಸ. ಮಂತ್ರಾಲಯ ಪರಂಪರೆಯ ಶ್ರೀವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದ ಶ್ರೀನಿವಾಸಾಚಾರ್ಯರು ತರುಣವಯಸ್ಸಿನಲ್ಲಿಯೇ ಸಂಸ್ಕೃತ ಪಾಂಡಿತ್ಯಕ್ಕೆ ಹೆಸರಾದರು. ವಿದ್ಯೆಯೊಡನೆ ವಿದ್ಯಾಮದವೂ ಬೆಳೆಯಿತು. ಕನ್ನಡದಲ್ಲಿ ಪದಗಳನ್ನು ಹಾಡುತ್ತ, ಗೆಜ್ಜೆ ಕಟ್ಟಿ ಕುಣಿಯುತ್ತ ಊರೂರು ಸುತ್ತುವ ಹರಿದಾಸರೆಂದರೆ ಅವರಿಗೆ ತಾತ್ಸಾರ.

ಅದೇ ಸೀಮೆಯ ಚೀಕಲಪರವಿಯ ಶ್ರೀವಿಜಯದಾಸರು ಆಗ ದಾಸಕೂಟದ ಹಿರಿಯರು. ಕಡುಬಡತನದಲ್ಲಿ ಬೆಳೆದು, ಪುರಂದರದಾಸರ ಸ್ವಪ್ನಾನುಗ್ರಹದಿಂದ ಅಂಕಿತವನ್ನು ಪಡೆದ ಮಹಾನುಭಾವರು. ಒಮ್ಮೆ ಅವರು ಶಿಷ್ಯರೊಡನೆ ಮಾನವಿಗೆ ಬಂದು ದೇವರ ಪೂಜೆ, ಬ್ರಾಹ್ಮಣಸಂತರ್ಪಣೆಗಳನ್ನು ಏರ್ಪಡಿಸಿ, ತೀರ್ಥಪ್ರಸಾದಕ್ಕೆ ಬರಬೇಕೆಂದು ಶ್ರೀನಿವಾಸಾಚಾರ್ಯರಿಗೂ ಹೇಳಿಕಳುಹಿಸಿದರು. ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ಬರಲೊಲ್ಲದೆ ಹೋದರು. ಅಂದು ಸುಳ್ಳಾಗಿ ಹೇಳಿದ ನೋವು ಕೆಲಕಾಲದಲ್ಲಿಯೇ ದಿಟವಾಗಿ ಅವರ ಉದರವನ್ನು ಹಿಡಿಯಿತೆಂದು ಸಂಪ್ರದಾಯವು ಹೇಳುತ್ತದೆ. ಔಷಧಗಳು ಫಲಿಸಲಿಲ್ಲ, ಅನ್ನವು ಸೇರದಾಯಿತು, ದೇಹವು ಕೃಶವಾಯಿತು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಶ್ರೀನಿವಾಸಾಚಾರ್ಯರು ಶಾಸ್ತ್ರ ಬಲ್ಲವರು. ಬುದ್ಧಿಗೆ ಪ್ರೇರಕನು ಹರಿ, ಅಹಂಕಾರವನ್ನು ಹುಟ್ಟಿಸಿದವನೂ ಅವನೇ, ನನ್ನದೇನು ತಪ್ಪು ಎಂದು ವಾದಿಸಲು ಅವರಿಗೆ ಮಾತಿನ ಕೊರತೆಯಿರಲಿಲ್ಲ. ಅವರು ಹಾಗೆ ವಾದಿಸಲಿಲ್ಲ. ಮಂತ್ರಾಲಯಕ್ಕೆ ಹೋಗಿ ಶ್ರೀರಾಘವೇಂದ್ರಸ್ವಾಮಿಗಳ ಬೃಂದಾವನದ ಮುಂದೆ ಸೇವೆಗೆ ನಿಂತರು. ವಿಜಯದಾಸರಿಗೆ ಮಾಡಿದ ಅಪರಾಧವು ಅವರಲ್ಲಿಯೇ ಪರಿಹಾರವಾಗಬೇಕೆಂದು ಸ್ವಪ್ನದಲ್ಲಿ ಸೂಚನೆಯಾಯಿತು. ಯಾರ ಮನೆಯ ಊಟಕ್ಕೆ ಹೋಗಲು ಒಪ್ಪಲಿಲ್ಲವೋ ಅವರ ಪಾದಗಳಿಗೆ ಹೋಗಿ ಬಿದ್ದರು. ವಿಜಯದಾಸರು ಕೋಪವಿಲ್ಲದೆ ಕ್ಷಮಿಸಿ, ತಮ್ಮ ಶಿಷ್ಯರಾದ ಉತ್ತನೂರಿನ ಶ್ರೀಗೋಪಾಲದಾಸರ ಬಳಿಗೆ ಕಳುಹಿಸಿದರು. ಗುರುಗಳ ಆಜ್ಞೆಯಂತೆ ಗೋಪಾಲದಾಸರು ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಉಣ್ಣಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು. ಶೂಲೆಯು ಶಮನವಾಯಿತು. 1721ರಲ್ಲಿ ಹುಟ್ಟಿದ ಗೋಪಾಲದಾಸರು 1762ರಲ್ಲಿಯೇ ಹರಿಪದವನ್ನು ಸೇರಿದರು. ಅವರಿಂದ ಆಯುಷ್ಯ ಪಡೆದವರು 81 ವರ್ಷ ಬಾಳಿದರು. ಒಬ್ಬನ ತಪ್ಪಿಗೆ ಮತ್ತೊಬ್ಬನು ತನ್ನ ಬಾಳನ್ನೇ ತೆತ್ತದ್ದನ್ನು ನೆನೆದಾಗ ಕಣ್ಣು ತೇವವಾಗದಿರದು.

ನಮ್ಮ ಸಿದ್ಧಾಂತವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಕೊಡುವ ದೇವರಲ್ಲಿ ಪಕ್ಷಪಾತವೂ ನಿರ್ದಯತೆಯೂ ಇರಬೇಕಲ್ಲವೆ ಎಂಬ ಶಂಕೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ವೈಷಮ್ಯನೈರ್ಘೃಣ್ಯಾಧಿಕರಣವು ಎತ್ತಿಕೊಂಡು ಪರಿಹರಿಸುತ್ತದೆ. ಭಗವಂತನು ಜೀವರ ಅನಾದಿಯಾದ ಕರ್ಮವನ್ನು ಅನುಸರಿಸಿಯೇ ಫಲವನ್ನು ಕೊಡುತ್ತಾನೆ. ಹಾಗೆ ಅನುಸರಿಸುವುದೂ ಅವನ ಇಚ್ಛೆಯೇ ಆದುದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಅದೇ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನೂ ಕರ್ತನೆಂದು ನಿರ್ಣಯವಾಗಿದೆ; ಇಲ್ಲವಾದರೆ ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರವಿಧಿಗಳಿಗೆ ಅರ್ಥವೇ ಇರದು. ಅಲ್ಲಿ ಬಡಗಿಯ ದೃಷ್ಟಾಂತವಿದೆ. ಬಡಗಿಯು ಮಾಡಿಸುವ ಯಜಮಾನನಿಗೆ ಅಧೀನನು. ಆದರೂ ಉಳಿ ಹಿಡಿದು ಕೆಲಸ ಮಾಡುವವನು ಅವನೇ. ಶ್ರೀಮದಾಚಾರ್ಯರ ಭಾಷ್ಯದಂತೆ ಜೀವನ ಕರ್ತೃತ್ವವು ಈ ಬಗೆಯದು: ನಿಜವಾದದ್ದು, ಆದರೆ ಪರಾಧೀನವಾದದ್ದು. ಆದುದರಿಂದ ದೋಷವು ನಿರ್ದೋಷನಾದ ಹರಿಯನ್ನು ಮುಟ್ಟದು, ಜೀವನನ್ನು ಬಿಡದು.

ದಾಸಾರ್ಯರು ಪ್ರಹ್ಲಾದರಾಜರ ತಮ್ಮನಾದ ಸಹ್ಲಾದನ ಅಂಶದವರೆಂದು ನಮ್ಮವರ ನಂಬಿಕೆ. ಆ ಸಹ್ಲಾದನೇ ಮಹಾಭಾರತದ ಶಲ್ಯರಾಜ. ಪಾಂಡವರ ಕಡೆಗೆ ಹೊರಟಿದ್ದ ಶಲ್ಯನು ದಾರಿಯಲ್ಲಿ ದುರ್ಯೋಧನನ ಆತಿಥ್ಯಕ್ಕೆ ಮರುಳಾಗಿ ಕೌರವಪಕ್ಷವನ್ನು ಸೇರಿದನು. ಅಂದು ಸ್ವೀಕರಿಸಬಾರದ ಅನ್ನವನ್ನು ಸ್ವೀಕರಿಸಿ ಕೆಟ್ಟ ಜೀವವು, ಇಂದು ಸ್ವೀಕರಿಸಬೇಕಾದ ಅನ್ನವನ್ನು ನಿರಾಕರಿಸಿ ಎಡವಿತು. ಕಡೆಗೆ ಒಂದು ರೊಟ್ಟಿಯಿಂದಲೇ ಉದ್ಧಾರವಾಯಿತು.

ಸಹ್ಲಾದನ ತಂದೆಯಾದ ಹಿರಣ್ಯಕಶಿಪುವಿನಲ್ಲಿ ಜನ್ಮ ತಾಳಿದವನು ವೈಕುಂಠದ ದ್ವಾರಪಾಲಕನಾದ ಜಯ. ಭಾಗವತದ ಮೂರನೆಯ ಸ್ಕಂಧದಲ್ಲಿ ಬರುವ ಆ ಪ್ರಸಂಗವನ್ನು ನೆನೆಯೋಣ. ಸನಕಾದಿಗಳನ್ನು ತಡೆದು ಶಾಪಗ್ರಸ್ತರಾದ ಜಯವಿಜಯರು ಶಿಕ್ಷೆಯು ತಮಗೆ ತಕ್ಕದ್ದೆಂದು ಒಪ್ಪಿಕೊಂಡರು. ಶ್ರೀಹರಿಯಾದರೋ ಸೇವಕರ ತಪ್ಪನ್ನು ತನ್ನ ತಪ್ಪೆಂದೇ ಭಾವಿಸುವೆನೆಂದು ಋಷಿಗಳ ಮುಂದೆ ಹೇಳಿಕೊಂಡನು. ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವುದು ಲೋಕರೂಢಿ. ಅಲ್ಲಿಯಾದರೋ ಭೃತ್ಯರೂ ಸ್ವಾಮಿಯೂ ತಪ್ಪು ತಮ್ಮದೆಂದೇ ನುಡಿದರು. ದೋಷವಿಲ್ಲದವನು ಕಾರುಣ್ಯದಿಂದ ಹಾಗೆ ನುಡಿದನು. ದೋಷವುಳ್ಳವರು ವಿನಯದಿಂದ ನುಡಿದರು. ಅವನ ಕಾರುಣ್ಯವನ್ನೇ ಆಧಾರಮಾಡಿಕೊಂಡು ನಮ್ಮ ತಪ್ಪನ್ನು ಅವನಿಗೆ ಹೊರಿಸುವುದು ಕೃತಘ್ನತೆಯಲ್ಲದೆ ಮತ್ತೇನು?

ಗುಣಹೊಂದಿದ ಶ್ರೀನಿವಾಸಾಚಾರ್ಯರು ಪಂಢರಾಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮಿಂದಾಗ ದೊರೆತ ಶಿಲೆಯಲ್ಲಿ ಜಗನ್ನಾಥವಿಠಲನೆಂಬ ಅಂಕಿತವನ್ನು ಕಂಡರೆಂದು ಪ್ರತೀತಿ. ಕನ್ನಡವನ್ನು ಕಡೆಗಣಿಸಿದ್ದ ಪಂಡಿತರು ಕನ್ನಡದಲ್ಲಿಯೇ ತತ್ತ್ವಸುವ್ವಾಲಿಯನ್ನೂ ಅನೇಕ ಕೀರ್ತನೆಗಳನ್ನೂ ರಚಿಸಿದರು. ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನು ನಿರ್ಮಿಸಿ, ಸಂಸ್ಕೃತವನ್ನರಿಯದ ಸ್ತ್ರೀಬಾಲಕರಿಗೂ ಮಧ್ವಶಾಸ್ತ್ರದ ಸಾರವನ್ನು ಬಡಿಸಿದರು. ಅದರಲ್ಲಿ ಕರುಣಾಸಂಧಿಯೂ ಉಂಟು, ದತ್ತಸ್ವಾತಂತ್ರ್ಯಸಂಧಿಯೂ ಉಂಟು. ದತ್ತವೆಂದರೆ ಕೊಟ್ಟದ್ದು. ಜೀವನ ಸ್ವಾತಂತ್ರ್ಯವು ಹರಿಯು ಕೊಟ್ಟದ್ದು. ಕೊಟ್ಟದ್ದೆಂಬುದನ್ನು ಮರೆತರೆ ಅಹಂಕಾರ. ಕೊಟ್ಟೇ ಇಲ್ಲವೆಂದರೆ ಹೊಣೆಗೇಡಿತನ. ಈ ಎರಡರ ನಡುವಿನ ದಾರಿಯನ್ನು ದಾಸಾರ್ಯರು ನೋವುಂಡು ಕಂಡುಕೊಂಡಿದ್ದರು.

1809ರಲ್ಲಿ, ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ಅವರು ಮಾನವಿಯಲ್ಲಿ ಹರಿಧ್ಯಾನಪರರಾದರು. ಅಲ್ಲಿಯ ಸ್ತಂಭದಲ್ಲಿ ಅವರ ಸನ್ನಿಧಾನವಿರುವುದೆಂಬ ಶ್ರದ್ಧೆಯಿಂದ ಭಕ್ತರು ಇಂದಿಗೂ ಸೇವೆ ಸಲ್ಲಿಸುತ್ತಾರೆ.

ಆರಾಧನೆಯ ದಿನದಂದು ನಾವು ಕಲಿಯತಕ್ಕದ್ದು ಇಷ್ಟು. ಗೆಲುವು ಬಂದಾಗ ಅದನ್ನು ಹರಿಗೆ ಅರ್ಪಿಸೋಣ. ಸೋಲು ಬಂದಾಗ ನಮ್ಮ ದೋಷವನ್ನು ಅರಸೋಣ. ನಾವು ನೋಯಿಸಿದವರು ಯಾರಾದರೂ ಇದ್ದರೆ, ದೇವರ ಮುಂದೆ ಕೈಮುಗಿದು ಅಷ್ಟಕ್ಕೇ ನಿಲ್ಲದೆ, ಅವರ ಮನೆಯ ಬಾಗಿಲಿಗೆ ಹೋಗೋಣ. ಹಾಗೆ ಹೋಗುವ ಬುದ್ಧಿಯನ್ನು ಕೊಡುವವನೂ ಅವನೇ. ಹೆಜ್ಜೆ ಇಡಬೇಕಾದವರು ಮಾತ್ರ ನಾವು.

ಶ್ರೀಕೃಷ್ಣಾರ್ಪಣಮಸ್ತು